ವಸಡಿನ ರಕ್ತ ಮತ್ತು ಆಟಿಯ ಪಾಯಸ

ನನ್ನ ಜಾಗಕ್ಕೆ ಬಂದಿರುವ ಹುಡುಗಿ ದಿವ್ಯ ಹೋದ ತಿಂಗಳು ಮನೆಗೆ ಬಂದಿದ್ದಳು. ಕಾಫಿ ಕುಡಿಯುತ್ತಾ ಕೇಳಿದಳು, "ಅಕ್ಕ, ಮಕ್ಕಳ ವಸಡಲ್ಲಿ ರಕ್ತ ಬಂದ್ರೆ ನೀವು ಮೊದ್ಲು ಎಂತ ಮಾಡ್ತಿದ್ರಿ?"

"ಮೊದ್ಲು ಬೈತಿದ್ದೆ" ಎಂದೆ.

ಅವಳು ನಕ್ಕಳು, ತಮಾಷೆ ಎಂದುಕೊಂಡಳು. ತಮಾಷೆಯೇನೂ ಅಲ್ಲ. ಈ ಕೆಲಸಕ್ಕೆ ಸೇರುವ ಹೊಸಬರಿಗೆ ಪುಸ್ತಕದಲ್ಲಿ ಸಿಗದ ಒಂದಿಷ್ಟು ಸಂಗತಿ ಹೇಳೋಣವೆಂದು ಅವಳು ಹೋದ ಮೇಲೆ ಬರೆಯಲು ಕೂತೆ. ನಾನು ಡಾಕ್ಟರಲ್ಲ, ಡೆಂಟಲ್ ಹೈಜಿನಿಸ್ಟ್. ಹಲ್ಲು ಕೀಳುವವಳಲ್ಲ, ತುಂಬುವವಳೂ ಅಲ್ಲ. ಹಲ್ಲಿನ ಮೇಲೆ ಕಟ್ಟಿದ ಪಾಚಿ, ಅದು ಗಟ್ಟಿಯಾಗಿ ಆದ ಕಲ್ಲು, ಇವನ್ನು ಕೆರೆದು ತೆಗೆಯುವವಳು. ಉಳಿದ ಹೊತ್ತಿನಲ್ಲಿ ಬ್ರಷ್ ಹಿಡಿಯುವುದು ಹೇಗೆಂದು ಊರಿಗೆಲ್ಲ ಹೇಳಿಕೊಡುವವಳು. ಕೊಡಗಿನ ಸಿದ್ದಾಪುರ ಕಡೆಯ ತೋಟಗಳ ಜನ ಬರುತ್ತಿದ್ದ ಒಂದು ಸರ್ಕಾರಿ ಆಸ್ಪತ್ರೆಯಲ್ಲಿ ಮೂವತ್ತೆರಡು ವರ್ಷ ಕೆಲಸ ಮಾಡಿದೆ. ಬಾಯಲ್ಲಿ ಎಷ್ಟು ಹಲ್ಲೋ ಅಷ್ಟು ವರ್ಷ. ನಿವೃತ್ತಿಯ ದಿನ ಈ ಲೆಕ್ಕವನ್ನು ಮೂರು ಜನ ಭಾಷಣದಲ್ಲಿ ಹೇಳಿ ನಗಿಸಿದರು, ಮೂರು ಸಲವೂ ನಾನು ನಕ್ಕೆ.

ಬಡ್ತಿ ವಿಷಯ ಬಿಡಿ, ಸಿಕ್ಕಿದ್ದು ಒಂದೇ, ಅದೂ ಕಡೆಯಲ್ಲಿ. ಬಾಯಿ ಮಾತ್ರ ನನ್ನದು ಮೊದಲಿನಿಂದ ಜೋರು. ಬೇರೆಯವರ ಬಾಯಿ ನೋಡುವವಳಿಗೆ ತನ್ನ ಬಾಯಿಯ ಮೇಲೆ ಹಿಡಿತವಿಲ್ಲ ಎಂದು ಯಜಮಾನರು ಈಗಲೂ ಅನ್ನುತ್ತಾರೆ.

ನಾನು ಸೇರಿದಾಗ ಇದ್ದದ್ದು ಕಾಲಿನಿಂದ ಒತ್ತಿ ಮೇಲೆತ್ತುವ ಕುರ್ಚಿ. ಉಪಕರಣಗಳನ್ನು ಪಾತ್ರೆಯಲ್ಲಿ ನೀರಿಟ್ಟು ಕುದಿಸುತ್ತಿದ್ದೆವು. ಜೂನ್ ಹಿಡಿದರೆ ಕರೆಂಟಿನ ಆಸೆ ಬಿಡಬೇಕು, ಕಿಟಕಿಯ ಕಡೆ ಕುರ್ಚಿ ತಿರುಗಿಸಿ ಟಾರ್ಚ್ ಬೆಳಕಿನಲ್ಲಿ ಕೆಲಸ. ಟಾರ್ಚನ್ನು ಸಾಮಾನ್ಯವಾಗಿ ರೋಗಿಯ ಕಡೆಯವರೇ ಹಿಡಿಯುತ್ತಿದ್ದರು, ರಕ್ತ ನೋಡಿದ ಕೂಡಲೇ ಬೆಳಕು ಸೀಲಿಂಗಿಗೆ ಹೋಗುತ್ತಿತ್ತು. ಆಮೇಲೆ ಉಪಕರಣ ಶುದ್ಧ ಮಾಡುವ ಆಟೋಕ್ಲೇವ್ ಬಂತು, ನೀರು ಚಿಮ್ಮಿಸುತ್ತಾ ಕಲ್ಲು ಒಡೆಯುವ ಮೆಷಿನ್ ಬಂತು, ಗುಂಡಿ ಒತ್ತಿದರೆ ಮಲಗುವ ಕುರ್ಚಿ ಬಂತು. ಮೆಷಿನ್ ಬಂದ ವರ್ಷ ನನಗೆ ಆದ ಸಂತೋಷ ಅಷ್ಟಿಷ್ಟಲ್ಲ. ಆದರೂ ಕೈಯಲ್ಲಿ ಹಿಡಿದು ಕೆರೆಯುವ ಸ್ಕೇಲರನ್ನು ನಾನು ಬಿಡಲಿಲ್ಲ. ಹಲ್ಲಿನ ಮೇಲೆ ಕಲ್ಲು ಎಲ್ಲಿದೆ, ಎಲ್ಲಿ ಮುಗಿಯಿತು ಎಂಬುದು ಬೆರಳಿಗೆ ಗೊತ್ತಾಗುತ್ತದೆ. ದಿವ್ಯಳಿಗೂ ಅದನ್ನು ಕಲಿಸಿ ಬಂದಿದ್ದೇನೆ, ಅವಳು ಗೊಣಗುತ್ತಾ ಕಲಿತಿದ್ದಾಳೆ.

ನನ್ನ ಮೊದಲ ಮೇಲಧಿಕಾರಿಯನ್ನು ಎಲ್ಲರೂ ದೊಡ್ಡ ಡಾಕ್ಟರ್ ಎನ್ನುತ್ತಿದ್ದರು. ಆಳು ಗಿಡ್ಡ, ಮಾತು ಇನ್ನೂ ಗಿಡ್ಡ. ರೋಗಿ ಬಾಯಿ ತೆರೆದುಕೊಂಡು ಕೂತರೂ ಅವರು ಬಾಯಿಗೆ ಹೋಗುತ್ತಿರಲಿಲ್ಲ. ಮೊದಲು ಅಂಗೈ ಹಿಡಿದು ನೋಡುವರು, ಉಗುರು ನೋಡುವರು, ಕಣ್ಣಿನ ರೆಪ್ಪೆ ಕೆಳಗೆ ಎಳೆದು ನೋಡುವರು. ಒಮ್ಮೆ ಕಾಫಿ ಪಿಕಿಂಗಿಗೆ ಬಂದಿದ್ದ ಒಬ್ಬ ಮುದುಕ ಬಾಯಿ ಮುಚ್ಚಿ ಗಂಭೀರವಾಗಿ ಕೇಳಿದ, "ಡಾಕ್ಟ್ರೆ, ಮುಂದೆ ಹೇಗುಂಟು ನನ್ನ ಕಾಲ?" ಕೈ ನೋಡಿ ಭವಿಷ್ಯ ಹೇಳುತ್ತಾರೆ ಎಂದುಕೊಂಡಿದ್ದ ಪಾಪ. ಡಾಕ್ಟರ್ ನಗಲಿಲ್ಲ. "ರಕ್ತ ಕಮ್ಮಿ ಉಂಟು, ಸೊಪ್ಪು ತಿನ್ನು" ಎಂದರು. ನನಗೂ ಅವರು ಆಗಾಗ ಹೇಳುತ್ತಿದ್ದರು, ಬಾಯಿ ಮೈಯ ಒಂದು ಕಿಟಕಿ ಅಷ್ಟೇ, ಮನೆಯನ್ನೂ ನೋಡಬೇಕು ಎಂದು. ನಾನು ತಲೆಯಾಡಿಸುತ್ತಿದ್ದೆ. ತಲೆಯಾಡಿಸುವುದು ಸುಲಭ.

ಮಕ್ಕಳ ವಸಡಿನಲ್ಲಿ ರಕ್ತ ಬರುವುದಕ್ಕೆ ನೂರಕ್ಕೆ ನೂರು ಕಾರಣ ಉಜ್ಜದಿರುವುದೇ ಎಂದು ನಾನು ನಂಬಿದ್ದೆ. ನಂಬಿಕೆ ಪೂರ್ತಿ ಸುಳ್ಳೂ ಅಲ್ಲ. ಬಂದವರಲ್ಲಿ ಹೆಚ್ಚಿನವರು ಹಾಗೇ ಇರುತ್ತಿದ್ದರು. ಒಂದು ಸಲ ಎಸ್ಟೇಟಿನ ಕೂಲಿಯವರ ಲೈನ್ ಮನೆಗಳ ಮಕ್ಕಳನ್ನು ನೋಡಲು ಕ್ಯಾಂಪ್ ಹೋಗಿದ್ದೆವು. ತೋಟದ ಲೆಕ್ಕ ಬರೆಯುವ ರೈಟರು ಮಕ್ಕಳನ್ನೆಲ್ಲ ಸಾಲಾಗಿ ನಿಲ್ಲಿಸಿದ್ದರು. ಏಳು ವರ್ಷದ ಒಬ್ಬ ಹುಡುಗಿಯ ವಸಡು ಊದಿ, ಮುಟ್ಟಿದರೆ ಜಿನುಗುತ್ತಿತ್ತು. ಅವಳ ತಾಯಿಯನ್ನು ಕರೆದು ಯಥಾಪ್ರಕಾರ ಬೈಯಲು ಶುರು ಮಾಡಿದೆ. ಆಕೆ ಎಲ್ಲ ಕೇಳಿ ತಣ್ಣಗೆ ಹೇಳಿದಳು, "ಉಜ್ತಾ ಇದ್ಳು ಸಿಸ್ಟರ್. ಉಜ್ಜಿದ್ರೆ ರಕ್ತ ಬರುತ್ತೆ, ಅದಕ್ಕೆ ನಾನೇ ನಿಲ್ಲಿಸ್ಬಿಟ್ಟೆ. ಮೊದ್ಲೇ ಪಿಳ್ಳೆಗೆ ಮೈಯಲ್ಲಿ ರಕ್ತ ಇಲ್ಲ, ಇದ್ದದ್ದನ್ನೂ ಉಗಿದ್ರೆ ಹೇಗೆ?"

ಆಕೆಯ ಲೆಕ್ಕದಲ್ಲಿ ತಪ್ಪು ಹುಡುಕುವುದು ಕಷ್ಟ. ಗಾಯಕ್ಕೆ ಕೈ ಹಾಕಬಾರದು ಎಂಬುದು ಯಾರಿಗಾದರೂ ಗೊತ್ತು. ವಸಡಿನ ವಿಷಯ ಮಾತ್ರ ಉಲ್ಟಾ. ಹಲ್ಲಿನ ಬುಡದಲ್ಲಿ ಕೂತ ಪಾಚಿಯಿಂದ ವಸಡು ಕೆರಳುತ್ತದೆ, ಕೆರಳಿದ ವಸಡು ಮುಟ್ಟಿದರೆ ರಕ್ತ ಬರುತ್ತದೆ, ರಕ್ತ ಕಂಡು ಉಜ್ಜುವುದನ್ನು ಬಿಟ್ಟರೆ ಪಾಚಿ ಇನ್ನೂ ಬೆಳೆಯುತ್ತದೆ. ಮೆತ್ತನೆ ಬ್ರಷ್ ಕೊಟ್ಟು ಹೇಳಿದೆ, "ಹದಿನೈದು ದಿನ ರಕ್ತ ಬಂದ್ರೂ ಬಿಡದೆ ಮೆಲ್ಲಗೆ ಉಜ್ಜಿಸು. ಆಮೇಲೂ ಬಂದ್ರೆ ನನ್ನನ್ನ ಬೈ." ಇಪ್ಪತ್ತನೇ ದಿನ ಆಕೆ ಒಂದು ಹಾಗಲಕಾಯಿ ಬಳ್ಳಿಯ ಕಾಯನ್ನೆಲ್ಲ ಕಿತ್ತು ತಂದು ಮೇಜಿನ ಮೇಲಿಟ್ಟಳು. ಬೈಯುವುದಕ್ಕೇನೂ ಸಿಕ್ಕಲಿಲ್ಲ, ಅದಕ್ಕೇ ಕಹಿ ತಂದೆ ಎಂದಳು. ಅಂಥವರ ಮುಂದೆ ನನ್ನ ಬಾಯಿ ಏನೂ ಅಲ್ಲ.

ಅಮ್ಮತ್ತಿ ಕಡೆಯ ಒಬ್ಬ ಕೊಡವ ಅಜ್ಜಿ ಕಾಲೇಜು ಓದುವ ಮೊಮ್ಮಗನನ್ನು ಕರೆತಂದಿದ್ದರು. ಹುಡುಗನ ಮುಂದಿನ ವಸಡು ಬೆಂದ ಹಾಗೆ ಬೆಳ್ಳಗಾಗಿ ಸುಲಿದಿತ್ತು. ಬಿಸಿ ಏನಾದರೂ ಕುಡಿದೆಯಾ ಎಂದರೆ ಅಜ್ಜಿಯ ಮುಖ ನೋಡಿದ. ಅಜ್ಜಿಗೆ ಸಂಕೋಚವೇನೂ ಇರಲಿಲ್ಲ. "ರಕ್ತ ಬರ್ತಿತ್ತು. ನಾನೇ ಕಾಚಂಪುಳಿ ಹಚ್ಚಿದೆ" ಎಂದರು. ಹುಳಿಹಣ್ಣಿನ ರಸ ಕುದಿಸಿ ಕುದಿಸಿ ಮಾಡುವ ಆ ಕಪ್ಪು ಹುಳಿಯನ್ನು ಹಂದಿ ಸಾರಿಗೆ ಒಂದು ಚಮಚ ಹಾಕಿದರೆ ಸಾಕು, ವಸಡಿಗೆ ಹಚ್ಚಿದರೆ ಕೇಳಬೇಕೆ?

"ಅಜ್ಜಿ, ಅದನ್ನ ಯಾರಾದ್ರೂ ಬಾಯಿಗೆ ಹಚ್ತಾರಾ?"

"ಮಾಂಸಕ್ಕೆ ಹಾಕಿದ್ರೆ ಮಾಂಸ ಗಟ್ಟಿ ಆಗ್ತದೆ, ವಾರ ಇಟ್ಟರೂ ಕೆಡೋದಿಲ್ಲ. ವಸಡೂ ಮಾಂಸವೇ ಅಲ್ವ?"

ದೊಡ್ಡ ಡಾಕ್ಟರ್ ನಕ್ಕಿದ್ದನ್ನು ನಾನು ನೋಡಿದ್ದು ಅಂದು ಒಂದೇ ಸಲ, ಅದೂ ಗೋಡೆಯ ಕಡೆ ತಿರುಗಿ. ಹುಡುಗನ ವಸಡು ವಾಸಿಯಾಗಲು ವಾರ ಹಿಡಿಯಿತು. ಮೊದಲು ರಕ್ತ ಬಂದದ್ದು ಯಾಕೆ ಎಂದು ನೋಡಿದರೆ, ರಾತ್ರಿಯೆಲ್ಲ ಬಾಯಿ ತೆರೆದು ಮಲಗುವ ಹುಡುಗ, ಮೂಗು ಕಟ್ಟಿ ವರ್ಷವಾಗಿತ್ತು. ಮುಂದಿನ ವಸಡು ಒಣಗಿ ಒಣಗಿ ಕೆರಳಿತ್ತು. ಹಲ್ಲಿನ ರೋಗಿಗೆ ಮೂಗಿನ ಡಾಕ್ಟರಿಗೆ ಚೀಟಿ ಬರೆದುಕೊಟ್ಟೆವು. ಉಜ್ಜದಿರುವುದಲ್ಲದೆ ಬೇರೆ ಕಾರಣವೂ ಇರುತ್ತದೆ ಎಂದು ನನಗೆ ಅಲ್ಲೇ ಹೊಳೆಯಬೇಕಿತ್ತು. ಹೊಳೆಯಿತು ಕೂಡ, ಒಂದೆರಡು ತಿಂಗಳು. ಆಮೇಲೆ ಹಳೆಯ ಗಾಡಿ ಹಳೆಯ ಜಾಡಿಗೇ ಬಿತ್ತು.

ಬಿತ್ತು ಎನ್ನಲು ಸಾಕ್ಷಿ ಕೊಡ್ಲಿಪೇಟೆಯ ಹುಡುಗ. ನಮ್ಮ ಕಡೆಯ ಹಾಸ್ಟೆಲಿನಲ್ಲಿದ್ದು ಓದುತ್ತಿದ್ದ, ಹದಿನಾರು ವರ್ಷ. ವಸಡು ಬೆಳೆದು ಅರ್ಧ ಹಲ್ಲು ಮುಚ್ಚಿಬಿಟ್ಟಿತ್ತು. ಎಷ್ಟು ತಿಂಗಳಾಯಿತು ಬ್ರಷ್ ಕಂಡು ಎಂದು ಎಲ್ಲರ ಎದುರು ಕೇಳಿದೆ. ಹೊರಗೆ ಬೆಂಚಿನ ಮೇಲೆ ಕೂತವರು ನಕ್ಕರು. ಜೊತೆಗೆ ಬಂದಿದ್ದ ಅವನ ತಂದೆ ಜೇಬಿನಿಂದ ಒಂದು ಮಾತ್ರೆಯ ಪಟ್ಟಿ ತೆಗೆದು ನನ್ನ ಕೈಯಲ್ಲಿಟ್ಟು, ತಗ್ಗಿದ ದನಿಯಲ್ಲಿ ಹೇಳಿದರು, "ಮೇಡಮ್ಮೋರೆ, ಅವ್ನಿಗೆ ಮೂರ್ಛೆ ಬತ್ತದೆ. ಆರು ವರ್ಸದಿಂದ ಇದ್ನ ನುಂಗ್ತಾವ್ನೆ. ಹಾಸ್ಟೆಲಲ್ಲಿ ಗೊತ್ತಿಲ್ಲ, ಜೋರಾಗಿ ಯೋಳ್ಬೇಡಿ." ಆ ಮಾತ್ರೆ ಕೆಲವರಲ್ಲಿ ವಸಡನ್ನು ಹಾಗೆ ಬೆಳೆಸುತ್ತದೆ. ನನಗೆ ಅದು ಓದಿ ಗೊತ್ತಿತ್ತು, ನೆನಪಿಗೆ ಬರಲಿಲ್ಲ. ಅಂದು ನನಗೆ ನಿಜವಾಗಿ ನಾಚಿಕೆಯಾಯಿತು. ಊರಿನ ಡಾಕ್ಟರಿಗೆ ಪತ್ರ ಬರೆಸಿ ಮಾತ್ರೆ ಬದಲಾಯಿಸಿಕೊಂಡ ಮೇಲೆ ಹುಡುಗ ಮತ್ತೆ ಮತ್ತೆ ಕ್ಲೀನಿಂಗಿಗೆ ಬಂದ. ಪ್ರತಿ ಸಲವೂ ನನಗೆ ನಮಸ್ಕಾರ ಹೇಳುತ್ತಿದ್ದ. ಅವನು ಹೇಳದಿದ್ದರೆ ಚೆನ್ನಾಗಿತ್ತು ಅನಿಸುತ್ತಿತ್ತು.

ಇಷ್ಟೆಲ್ಲ ಆದ ಮೇಲೆ ನಾನು ಕಲಿತಿರಬೇಕಲ್ಲವೇ? ಕಲಿತಿದ್ದೇನೆ ಎಂದುಕೊಂಡಿದ್ದಾಗಲೇ ಚೈತ್ರ ಬಂದಳು.

ಚೈತ್ರಳಿಗೆ ಆಗ ಹದಿಮೂರು. ತಾಯಿ ಲೀಲಾವತಿ, ಅಪ್ಪ ಹತ್ತಿರದ ತೋಟವೊಂದರಲ್ಲಿ ರೈಟರ್. ನಮ್ಮ ಹಾಗೆ ಅರೆಭಾಷೆ ಮಾತಾಡುವ ಗೌಡರು. ಮೊದಲೇನೂ ಗುರುತಿರಲಿಲ್ಲ, ಆದರೆ ಲೀಲಾವತಿ ಬಾಗಿಲಲ್ಲಿ ಬಾಯಿ ಬಿಟ್ಟ ಕೂಡಲೇ ನಮ್ಮವರೇ ಎಂದು ಗೊತ್ತಾಗಿ ನನಗೆ ಖುಷಿಯಾಯಿತು. ದಿನಕ್ಕೆ ಐದು ಭಾಷೆಯಲ್ಲಿ "ಬಾಯಿ ತೆರಿ" ಎನ್ನುವವಳಿಗೆ ಮನೆಯ ಮಾತು ಕೇಳಿದರೆ ಹಾಗೆಯೇ ಆಗುವುದು.

ಅಂದು ಆಟಿ ಹದಿನೆಂಟರ ಮಾರನೇ ದಿನ. ಗೊತ್ತಿಲ್ಲದವರಿಗೆ ಹೇಳಬೇಕು: ಮಳೆಗಾಲದ ನಡುವೆ ಬರುವ ಆಟಿ ತಿಂಗಳ ಹದಿನೆಂಟನೇ ದಿನ ಕೊಡಗಿನ ಮನೆಮನೆಯಲ್ಲಿ ಮದ್ದುಸೊಪ್ಪು ಬೇಯಿಸಿ, ಅದರ ಕಡು ನೇರಳೆ ರಸದಲ್ಲಿ ಅಕ್ಕಿ, ಬೆಲ್ಲ, ತೆಂಗಿನಕಾಯಿ ಹಾಕಿ ಪಾಯಸ ಮಾಡುತ್ತಾರೆ. ಅಂದು ಆ ಸೊಪ್ಪಿನಲ್ಲಿ ಹದಿನೆಂಟು ಬಗೆಯ ಮದ್ದು ಇರುತ್ತದೆ, ತಿಂದರೆ ವರ್ಷವಿಡೀ ಕಾಯಿಲೆ ಇಲ್ಲ ಎಂದು ನಂಬಿಕೆ. ತಿಂದವರಿಗೆ ಮಾರನೇ ದಿನ ಮೂತ್ರ ಕೆಂಪಗೆ ಹೋಗುತ್ತದೆ. ಹೊಸದಾಗಿ ಬಂದ ಅಧಿಕಾರಿಗಳು ಹೆದರಿ ಆಸ್ಪತ್ರೆಗೆ ಓಡಿಬರುವುದೂ, ನಾವು ನಕ್ಕು ಕಳಿಸುವುದೂ ವರ್ಷಕ್ಕೊಮ್ಮೆ ಇದ್ದದ್ದೇ. ನಮ್ಮವರಿಗೆ ಅದು ಮದ್ದು ಮೈಗೆ ಹಿಡಿದ ಗುರುತು.

ಲೀಲಾವತಿ ಮಗಳನ್ನು ಮುಂದೆ ತಳ್ಳಿ ಹೇಳಿದರು, "ಅಕ್ಕ, ಈ ಗೂಡೆಯ ಬಾಯಿಲಿ ರಕ್ತ. ಬೆಳಗ್ಗೆ ತಲೆದಿಂಬೆಲ್ಲ ಕಲೆ ಆಗುಟ್ಟು."

"ನಿನ್ನೆ ಪಾಯಸ ಮಾಡಿದ್ರಲ್ಲಾ?"

"ಮಾಡದೆ ಇರ್ತೇವಾ? ದೊಡ್ಡ ಪಾತ್ರೆಲಿ ಮಾಡಿತ್. ಇವಳಿಗೆ ಒಂದ್ ಬಟ್ಲ್ ಹಾಕಿ ಕೊಟ್ಟೆ. ಒಂದಕ್ಕೆ ಹೋದ್ದೂ ಕೆಂಪಗುಟ್ಟು ಇಂದ್."

"ಹಾಗಾದ್ರೆ ಮದ್ದ್ ಲಾಯಕ್ಕಾಗಿ ಹಿಡ್ದುಟ್ಟು" ಎಂದೆ. ಇಬ್ಬರೂ ನಕ್ಕೆವು. ನಾನೂ ಹಿಂದಿನ ದಿನ ಎರಡು ಬಟ್ಟಲು ತಿಂದವಳೇ. ಚೈತ್ರ ನಗಲಿಲ್ಲ.

ಬಾಯಿ ತೆರೆಸಿ ನೋಡಿದೆ. ಹಲ್ಲಿನ ಬುಡದಲ್ಲಿ ಸ್ವಲ್ಪ ಪಾಚಿ ಇತ್ತು, ಆ ವಯಸ್ಸಿನಲ್ಲಿ ಯಾರಿಗಿರುವುದಿಲ್ಲ? ಹತ್ತಿಯಿಂದ ಒರೆಸಿದೆ, ಕೆಂಪು ಬಂತು. ಮದ್ದಿನ ಬಣ್ಣ ಪಾಚಿಗೆ ಅಂಟಿದೆ, ಜೊತೆಗೆ ದೊಡ್ಡವಳಾಗುವ ವಯಸ್ಸು, ಆಗ ವಸಡು ಬೇಗ ಕೆರಳುತ್ತದೆ, ಮೇಲಿಂದ ಉಜ್ಜುವುದರಲ್ಲಿ ಸೋಮಾರಿತನ. ಮೂರೂ ಕಾರಣವನ್ನು ಬೆರಳು ಮಡಚಿ ಹೇಳಿದೆ. ಮದ್ದುಸೊಪ್ಪಿನ ಬಣ್ಣ ನೇರಳೆ. ನನ್ನ ಕೈಯ ಹತ್ತಿಯಲ್ಲಿದ್ದದ್ದು ಅಪ್ಪಟ ಕೆಂಪು. ಆ ಸೊಪ್ಪನ್ನು ಹುಟ್ಟಿದಾಗಿನಿಂದ ಕಂಡ ನನಗೆ ಆ ವ್ಯತ್ಯಾಸ ಕಾಣಲಿಲ್ಲ. ಮೊಣಕೈ ಹತ್ತಿರ ನೀಲಿಗಟ್ಟಿದ ಒಂದು ಕಲೆ ಇತ್ತು, ಅದೂ ಕಂಡಿತು. ಏನದು ಎಂದರೆ "ಬಿದ್ದೆ" ಎಂದಳು. ಮಳೆಗಾಲ, ಯಾರು ಬೀಳುವುದಿಲ್ಲ?

ಬೈಯುವುದನ್ನು ಮಾತ್ರ ಮರೆಯಲಿಲ್ಲ. "ಇಷ್ಟು ದೊಡ್ಡ ಗೂಡೆ, ಹಲ್ಲುಜ್ಜಿಕೆ ಅವ್ವ ಹೇಳೊಕಾ?" ಎಂದೆ. ದೊಡ್ಡ ಡಾಕ್ಟರ ನಂತರ ಬಂದಿದ್ದ ಡಾಕ್ಟರ್ ಮೇಡಂ ಅಂದು ಬೇರೆ ಕಡೆ ಡ್ಯೂಟಿಗೆ ಹೋಗಿದ್ದರು. ನಾಳಿದ್ದು ಬಂದರೆ ಹಲ್ಲು ಕ್ಲೀನ್ ಮಾಡುವುದಾಗಿ ಚೀಟಿಯಲ್ಲಿ ಬರೆದು ಕಳಿಸಿದೆ.

ನಾಳಿದ್ದು ಬೆಳಗ್ಗೆಯೇ ಬಂದರು. ಹಳೆಯ ಚೀಟಿ ಮಳೆಗೆ ನೆನೆದು ಹಪ್ಪಳವಾಗಿತ್ತು. ಹೊಸದು ತರಲು ಲೀಲಾವತಿಯನ್ನು ಹೊರಗಿನ ಕೌಂಟರಿಗೆ ಕಳಿಸಿದೆ. ಅಲ್ಲಿ ಜ್ವರದವರ ಸಾಲು ಗೇಟಿನವರೆಗೆ ಇತ್ತು. ಡಾಕ್ಟರ್ ಮೇಡಂ ಪಕ್ಕದ ಕೋಣೆಯಲ್ಲಿ ಒಬ್ಬರ ಹಲ್ಲು ಕೀಳುತ್ತಿದ್ದರು. ಚೈತ್ರಳನ್ನು ಕುರ್ಚಿಯಲ್ಲಿ ಕೂರಿಸಿ, ಬಟ್ಟೆ ಕಟ್ಟಿ, ಬಾಯಿ ಮುಕ್ಕಳಿಸಲು ನೀರು ಕೊಟ್ಟೆ. ಉಗಿದದ್ದು ಕೆಂಪಗಿತ್ತು. ಸ್ಕೇಲರ್ ಕೈಗೆ ತೆಗೆದುಕೊಂಡು, ಅಭ್ಯಾಸಬಲದಿಂದ ತಮಾಷೆ ಮಾಡಿದೆ, "ಮೂರ್ ದಿನ ಆದ್ರೂ ನಿನ್ನ ಪಾಯಸ ಇಳ್ದ್ ಹೋತ್‌ಲೆನಾ?"

ಅವಳು ಬಾಗಿಲ ಕಡೆ ನೋಡಿದಳು. ಆಮೇಲೆ ನನ್ನ ಕೈ ಹಿಡಿದುಕೊಂಡು ಪಿಸುಗುಟ್ಟಿದಳು.

"ಸಿಸ್ಟರ್, ನಾ ಪಾಯಸ ತಿಂದೇ ಇಲ್ಲೆ. ನಂಗೆ ಅದರ ವಾಸನೆ ಆಗುಲೆ. ಬಾಳೆ ಬುಡಕ್ಕೆ ಚೆಲ್ಲಿದೆ. ಅವ್ವಂಗೆ ಹೇಳ್ಬೇಡಿ."

ಪಾಯಸ ತಿನ್ನದ ಹುಡುಗಿಗೆ ಕೆಂಪು ಮೂತ್ರ ಎಲ್ಲಿಂದ? ಸ್ಕೇಲರನ್ನು ತಟ್ಟೆಯಲ್ಲಿಟ್ಟೆ. ಸದ್ದಾಗದ ಹಾಗೆ ಇಟ್ಟೆನೆಂದು ನೆನಪಿದೆ, ಅವಳು ಹೆದರದಿರಲಿ ಎಂದು. ಲಂಗ ಸ್ವಲ್ಪ ಮೇಲೆತ್ತಿ ಕಾಲು ನೋಡಿದೆ. ಮೊಣಕಾಲಿನಿಂದ ಕೆಳಗೆ ಸಾಸಿವೆ ಚೆಲ್ಲಿದ ಹಾಗೆ ಕೆಂಪು ಚುಕ್ಕೆಗಳು. ಬೆನ್ನ ಮೇಲೆ ಎರಡು ನೀಲಿ ಕಲೆ.

"ಇದೆಲ್ಲ ಬಿದ್ದದ್ದಾ?"

"ಇಲ್ಲೆ. ಹಂಗೇ ಬಾತ್."

"ಮತ್ತೆ ಅಂದ್ ಬಿದ್ದೆ ಹೇಳ್ದೆ?"

"ಕೈ ಒಂದಕ್ಕೆ ಬಿದ್ದದ್ದ್. ನೀವು ಅದೊಂದೇ ಕೇಳಿದ್ರಿ."

ಹೌದು, ನಾನು ಕೇಳಿದ್ದು ಅದೊಂದನ್ನೇ.

ಡಾಕ್ಟರ್ ಮೇಡಂ ಬಂದು ಚುಕ್ಕೆ ನೋಡಿದವರೇ ನನಗೆ ಕಣ್ಣಿನಲ್ಲೇ ಕುರ್ಚಿಯಿಂದ ಇಳಿಸಲು ಹೇಳಿದರು. ರಕ್ತ ಹೆಪ್ಪುಗಟ್ಟಬೇಕಾದರೆ ಪ್ಲೇಟ್‌ಲೆಟ್ ಬೇಕು. ಲ್ಯಾಬಿನಲ್ಲಿ ನೋಡಿದರೆ, ಲಕ್ಷದ ಮೇಲೆ ಇರಬೇಕಾದ ಎಣಿಕೆ ಕೆಲವೇ ಸಾವಿರಕ್ಕೆ ಇಳಿದಿತ್ತು. ಎರಡು ವಾರದ ಹಿಂದೆ ಅವಳಿಗೆ ಸಣ್ಣ ಜ್ವರ ಬಂದು ಹೋಗಿತ್ತಂತೆ. ಅಂಥ ಜ್ವರದ ಹಿಂದೆ ಕೆಲವು ಮಕ್ಕಳಲ್ಲಿ ದೇಹ ತನ್ನ ಪ್ಲೇಟ್‌ಲೆಟ್‌ಗಳನ್ನು ತಾನೇ ಹಾಳು ಮಾಡಿಕೊಳ್ಳುತ್ತದೆ. ಆ ಎಣಿಕೆಯಲ್ಲಿ ನಾನು ಅವಳ ವಸಡಿಗೆ ಸ್ಕೇಲರ್ ಹಾಕಿ ಒಂದು ಸುತ್ತು ಕೆರೆದಿದ್ದರೆ ರಕ್ತ ನಿಲ್ಲುತ್ತಿರಲಿಲ್ಲ. ಆ ಮಳೆಯಲ್ಲಿ ಮಡಿಕೇರಿ ರಸ್ತೆಗೆ ಎರಡು ಕಡೆ ಮರ ಬಿದ್ದಿತ್ತು. ಹಾಗಾಗಿದ್ದರೆ ಮುಂದೆ ಏನಾಗುತ್ತಿತ್ತು ಎಂದು ಬರೆಯಲು ನನಗೆ ಮನಸ್ಸಿಲ್ಲ.

ಸುತ್ತು ದಾರಿಯಲ್ಲಿ ಆಂಬ್ಯುಲೆನ್ಸ್ ಹೋಯಿತು. ಮಡಿಕೇರಿಯಿಂದ ಮೈಸೂರಿಗೆ. ಎಂಟು ದಿನ ನನಗೆ ಅನ್ನ ಸೇರಲಿಲ್ಲ. ದಿನಾ ಮಧ್ಯಾಹ್ನ ಲೀಲಾವತಿಗೆ ಫೋನ್ ಮಾಡಿ ಕೇಳುವುದು, ಆಕೆ ಎಣಿಕೆ ಹೇಳುವುದು, ನಾನು ಅದನ್ನು ಕ್ಯಾಲೆಂಡರಿನಲ್ಲಿ ಬರೆಯುವುದು. ಮೂರನೇ ದಿನದ ಎಣಿಕೆ ಸ್ವಲ್ಪ ಏರಿತು. ಐದನೇ ದಿನ ವಸಡಿನ ರಕ್ತ ನಿಂತಿತು. ಎಂಟನೇ ದಿನ ಚೈತ್ರಳೇ ಫೋನ್ ತೆಗೆದುಕೊಂಡು, ಆಸ್ಪತ್ರೆಯ ಇಡ್ಲಿ ಕಲ್ಲಿನ ಹಾಗಿದೆ ಎಂದು ದೂರಿದಳು. ಅಂದು ರಾತ್ರಿ ನಾನು ಎರಡು ದಿನದ ಊಟ ಒಟ್ಟಿಗೆ ಮಾಡಿದೆ. ತಿಂಗಳೊಳಗೆ ಅವಳು ಶಾಲೆಗೆ ಹೋದಳು. ಕಾಯಿಲೆ ಮತ್ತೆ ಮರುಕಳಿಸಲಿಲ್ಲ.

ಈಗ ನಾನು ಇಷ್ಟು ವರ್ಷ ಯಾರಿಗೂ ಹೇಳದ ಮಾತು. ಕಂಡುಹಿಡಿದವಳು ನಾನು ಎಂದು ಊರೆಲ್ಲ ಸುದ್ದಿಯಾಯಿತು. ಡಾಕ್ಟರ್ ಮೇಡಂ ಮೀಟಿಂಗಿನಲ್ಲಿ ಹೊಗಳಿದರು. ಚೈತ್ರಳ ಶಾಲೆಯವರು ಕರೆದು ಶಾಲು ಹೊದಿಸಿದರು. ಲೀಲಾವತಿ ಕೈ ಹಿಡಿದುಕೊಂಡು, "ಅಕ್ಕ, ನೀವು ಚುಕ್ಕೆ ನೋಡದಿದ್ದರೆ ನನ್ನ ಗೂಡೆ ಇರ್ತಿತ್‌ಲೆ" ಎಂದು ಅತ್ತರು. ನಾನು ಸುಮ್ಮನಿದ್ದೆ. ಬಾಯಿ ಬಿಟ್ಟರೆ ಪಾಯಸದ ಗುಟ್ಟು ಹೊರಬೀಳುತ್ತದೆ, ಹೇಳಬೇಡಿ ಎಂದ ಹುಡುಗಿಗೆ ಮೋಸ ಮಾಡಿದಂತಾಗುತ್ತದೆ ಎಂದು ಮನಸ್ಸಿಗೆ ಸಮಾಧಾನ ಹೇಳಿಕೊಂಡೆ. ಅದು ಅರ್ಧ ನಿಜ. ಇನ್ನರ್ಧ ನಿಜವೆಂದರೆ ಶಾಲು ಬೆಚ್ಚಗಿತ್ತು.

ಅಂದಿನಿಂದ ಒಂದು ಪದ್ಧತಿ ಮಾತ್ರ ಮಾಡಿಕೊಂಡೆ. ವಸಡಿನ ರಕ್ತ ಎಂದು ಯಾವ ಮಗು ಬಂದರೂ, ಜೊತೆಗೆ ಬಂದವರನ್ನು ಏನಾದರೂ ನೆಪ ಹೇಳಿ ಹೊರಗೆ ಕಳಿಸುವುದು. ಚೀಟಿಗೆ ಸೀಲ್ ಹಾಕಿಸಿ ಬನ್ನಿ, ಮಗುವಿಗೆ ಕುಡಿಯಲು ನೀರು ತನ್ನಿ, ಏನೋ ಒಂದು. ಸೀಲ್ ಹಾಕುವವನು ತಲೆ ಚಚ್ಚಿಕೊಳ್ಳುತ್ತಿದ್ದ. ಆ ಐದು ನಿಮಿಷದಲ್ಲಿ ಮಗುವನ್ನು ಕೇಳುವುದು: ಬೇರೆ ಎಲ್ಲಿಯಾದರೂ ರಕ್ತ ಬರುತ್ತದಾ, ಮೈಯಲ್ಲಿ ಕಲೆ ಇದೆಯಾ, ಏನು ಮಾತ್ರೆ ತಿಂದೆ, ಏನು ತಿನ್ನಲಿಲ್ಲ. ಎಷ್ಟೋ ಗುಟ್ಟು ಹೊರಬಂದಿವೆ. ವಸಡಿಗೆ ಪಿನ್ ಚುಚ್ಚಿಕೊಳ್ಳುವವರು, ಗುಟ್ಕಾ ತಿನ್ನುವವರು, ದಪ್ಪ ಆಗುತ್ತೇನೆಂದು ಊಟ ಚೆಲ್ಲುವವರು. ಆದರೂ ಹತ್ತರಲ್ಲಿ ಒಂಬತ್ತು ಮಂದಿ ಉಜ್ಜದವರೇ, ಅವರನ್ನು ಐದು ನಿಮಿಷ ಕಳೆದ ಮೇಲೆ ಬೈದಿದ್ದೇನೆ.

ಚೈತ್ರಳಿಗೆ ಈಗ ಮದುವೆಯಾಗಿದೆ, ಮಡಿಕೇರಿಯ ಒಂದು ಸೊಸೈಟಿಯಲ್ಲಿ ಕೆಲಸ. ಇದನ್ನು ಪೇಪರಿಗೆಂದು ಬರೆಯುವ ಮೊದಲು ಅವಳಿಗೆ ಫೋನ್ ಮಾಡಿ ಒಪ್ಪಿಗೆ ಕೇಳಿದೆ. ನಕ್ಕುಬಿಟ್ಟಳು. "ಬರೀರಿ ಸಿಸ್ಟರ್. ಆದ್ರೆ ಅವ್ವ ಪೇಪರ್‌ಲಿ ಓದುವ ಮುಂಚೆ ನೀವೇ ಹೇಳಿ, ನಂಗೆ ಧೈರ್ಯ ಇಲ್ಲೆ" ಎಂದಳು.

ಹೋದ ಭಾನುವಾರ ಹೋಗಿದ್ದೆ. ಲೀಲಾವತಿ ಜಗಲಿಯಲ್ಲಿ ಕಾಳುಮೆಣಸು ಕೇರುತ್ತಿದ್ದರು. ಕೂತು, ಎಲ್ಲ ಹೇಳಿದೆ. ಚುಕ್ಕೆ ನಾನಾಗಿ ನೋಡಿದ್ದಲ್ಲ, ಮೊದಲ ದಿನ ನಾನೂ ನಕ್ಕು ಕಳಿಸಿದ್ದೆ, ಪಾಯಸ ಚೆಲ್ಲಿದ್ದನ್ನು ಹುಡುಗಿ ಬಾಯಿ ಬಿಟ್ಟಿದ್ದರಿಂದ ಉಳಿದಳು ಎಂದೆ. ಸ್ಕೇಲರ್ ಕೈಯಲ್ಲಿತ್ತು ಎಂಬುದನ್ನೂ ಹೇಳಿದೆ. ಆಕೆ ಮೊರ ಕೆಳಗಿಟ್ಟರು. ನನ್ನ ಮೇಲೆ ಸಿಟ್ಟು ಬರಬಹುದು ಎಂದುಕೊಂಡಿದ್ದೆ, ಬರಲಿಲ್ಲ. ಆಕೆಗೆ ನೋವಾದದ್ದು ಬೇರೆಯದಕ್ಕೆ.

"ನನ್ನ ಹತ್ರ ಎಂತಕೆ ಹೇಳ್‌ತ್‌ಲೆ ಅವಳ್?"

"ಹೆದರಿಕೆ ಆಗಿರೊಕು."

"ನೀವೂ ಬೈದಿದ್ರಲ್ಲಾ ಅವಳಿಗೆ. ನಿಮ್ಮ ಹತ್ರ ಹೆಂಗೆ ಹೇಳ್ತ್ ಅವಳ್?"

ಅದನ್ನು ನಾನೂ ಎಷ್ಟೋ ಸಲ ಯೋಚಿಸಿದ್ದೆ. "ಬೈದಿದ್ದೆ. ಆದ್ರೆ ಆ ಪಾಯಸ ಮಾಡಿದ್ದ್ ನಾನಲ್ಲಲ್ಲಾ" ಎಂದೆ.

ಲೀಲಾವತಿ ಕಣ್ಣು ಒರೆಸಿಕೊಂಡರು. ಆಮೇಲೆ ಸೆರಗಿಗೆ ಕೈ ಒರೆಸಿ, ಫೋನ್ ತೆಗೆದು ಮಗಳಿಗೆ ಮಾಡಿದರು. ನಾನು ಬಂದ ವಿಷಯ ಹೇಳಲಿಲ್ಲ, ಚೆಲ್ಲಿದ ಪಾಯಸದ ಮಾತೂ ಎತ್ತಲಿಲ್ಲ.

"ಮಗಾ, ಬರುವ ವಾರ ಆಟಿ ಹದಿನೆಂಟ್. ನಿಂಗೆ ಎಂಥ ಮಾಡ್ಲಿ?"

ಆ ಕಡೆಯಿಂದ ಏನು ಬಂತೋ ನನಗೆ ಕೇಳಿಸಲಿಲ್ಲ. ಲೀಲಾವತಿ ಮಾತ್ರ ನಡುವೆ ಒಂದು ಮಾತೂ ಆಡದೆ, ಪೂರ್ತಿ ಮುಗಿಯುವವರೆಗೆ ಕೇಳಿಸಿಕೊಂಡರು.